ನಾಲ್ಕು ಕುದುರೆ, ಒಂದು ಒಣ ವಸಂತ

ಉಡುಪಿಯ ಕಡೆ ಕುದುರೆ ನೋಡಿಕೊಳ್ಳುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಬೆಳಿಗ್ಗೆ ಎಂಟಕ್ಕೆ ತಾನಾಗಿ ಬಂದು ಗೇಟಿನ ಹತ್ತಿರ ನಿಂತಿರುತ್ತದೆ, ಹೆಚ್ಚಾಗಿ ಒಂದು ಸಲಹೆ ಹಿಡಿದುಕೊಂಡು.

ನಾನು ಇಪ್ಪತ್ತು ವರ್ಷ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದೆ. ಕಾಲೇಜಿನವರು ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ನನ್ನನ್ನು ಎಲ್ಲಿ ಹಾಕುವುದೆಂದು ಗೊತ್ತಾಗದೆ ಮನೆಗೆ ಕಳುಹಿಸಿದರು. ಆಗ ಕರೆಸಿದವರು ನಮ್ಮ ಧಣಿಗಳು. ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಬಂದವರು. ಅಲ್ಲಿ ದೊಡ್ಡವರೆಲ್ಲ ಕುದುರೆ ಸಾಕುವುದನ್ನು ನೋಡಿ ಬಂದಿದ್ದರು. ಮಣಿಪಾಲದಿಂದ ಪೆರ್ಡೂರಿಗೆ ಹೋಗುವ ದಾರಿಯಲ್ಲಿ ಐದು ಎಕರೆ ಕೆಂಪು ಮುರಕಲ್ಲಿನ ಗುಡ್ಡೆ ತೆಗೆದುಕೊಂಡು ಅದರ ಮೇಲೆ ನಾಲ್ಕು ಕುದುರೆ ನಿಲ್ಲಿಸಿದ್ದರು.

"ನಿಮಗೆ ಕುದುರೆಯ ಬಗ್ಗೆ ಎಂತ ಗೊತ್ತುಂಟು?" ಎಂದು ಕೇಳಿದರು.

"ಒಂದು ಪುಸ್ತಕ ಓದಿದ್ದೇನೆ."

"ಸಾಕು. ಉಳಿದವರು ಅದನ್ನೂ ಓದಿಲ್ಲ."

ಹೀಗೆ ನಾನು ಮ್ಯಾನೇಜರ್ ಆದೆ. ವಾರದ ದಿನಗಳಲ್ಲಿ ಮಣಿಪಾಲದ ವಿದ್ಯಾರ್ಥಿಗಳಿಗೆ ಸವಾರಿ ಕಲಿಸುವುದು, ಮುಹೂರ್ತವಿದ್ದ ದಿನ ಮದುಮಗನನ್ನು ಹೊರುವುದು, ಆದಿತ್ಯವಾರ ಕಾಪುವಿನ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಡೆಯುವುದು ಇಲ್ಲಿನ ಕೆಲಸ. ಇದನ್ನೆಲ್ಲ ಮಾಡುವುದು ಕುದುರೆಗಳು. ಅವುಗಳ ಹೊಟ್ಟೆ ನೋಡಿಕೊಳ್ಳುವುದು ನಾನು.

ಪುಸ್ತಕದ ವಸಂತ

ಆ ವರ್ಷ ದೀಪಾವಳಿಯ ನಂತರ ಒಂದು ಹನಿ ಬೀಳಲಿಲ್ಲ. ಯುಗಾದಿಯ ಹೊತ್ತಿಗೆ ಗುಡ್ಡೆಯ ಮುಳಿಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಪುಸ್ತಕ ತೆರೆದು ನೋಡಿದೆ. ವಸಂತದಲ್ಲಿ ಎಳೆಹುಲ್ಲು ಸೊಕ್ಕಿ ಬೆಳೆಯುವುದರಿಂದ ಕುದುರೆಗಳನ್ನು ಹೆಚ್ಚು ಹೊತ್ತು ಮೇಯಲು ಬಿಟ್ಟರೆ ಕಾಲು ಕೆಡುತ್ತದೆ, ಆದ್ದರಿಂದ ದಿನಕ್ಕೆ ಎರಡು ಗಂಟೆ ಮಾತ್ರ ಬಿಡಬೇಕು ಎಂದಿತ್ತು. ಬರೆದವರು ಒಳ್ಳೆಯ ಮಳೆ ಬರುವ ದೇಶದವರು. ಅವರ ಎಚ್ಚರಿಕೆಯನ್ನು ನಾವು ಒಂದು ದಿನವೂ ಮೀರಲಿಲ್ಲ.

ಧಣಿಗಳಿಗೆ ಇಷ್ಟವಾದದ್ದು ಇನ್ನೊಂದು ಅಧ್ಯಾಯ. ಮೇವಿನ ನೆಲವನ್ನು ಅಂಕಣ ಮಾಡಿ, ವಾರಕ್ಕೊಂದರಂತೆ ಮೇಯಿಸಿ, ಉಳಿದ ಅಂಕಣಗಳ ಹುಲ್ಲಿಗೆ ವಿಶ್ರಾಂತಿ ಕೊಡಬೇಕೆಂಬ ಶಾಸ್ತ್ರ ಅದು. ಐದು ಎಕರೆಗೆ ಐದು ಅಂಕಣ, ಸುತ್ತ ಸೋಲಾರ್ ತಂತಿ, ಪ್ರತಿ ಅಂಕಣಕ್ಕೂ ನಂಬರು ಬರೆದ ಹಸಿರು ಬೋರ್ಡು ಬಂತು. ಒಂದು ಸೋಮವಾರ ಒಂದನೇ ಅಂಕಣದ ಕಲ್ಲು ಮೂಸಿದ ಕುದುರೆಗಳು ಮುಂದಿನ ಸೋಮವಾರ ಎರಡನೇ ಅಂಕಣದ ಕಲ್ಲು ಮೂಸಿದವು. ಒಂದನೇ ಅಂಕಣದ ಕಲ್ಲಿಗೆ ನಾಲ್ಕು ವಾರ ವಿಶ್ರಾಂತಿ.

ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತಿದ್ದ ಒಣಹುಲ್ಲು ಅರ್ಧಕ್ಕಿಳಿದಾಗ ಧಣಿಗಳು ಲಾಯಕ್ಕೆ ಬಂದರು. ಅವರು ಬರುವುದು ಅಪರೂಪ. ವಾರಕ್ಕೊಮ್ಮೆ ನಾನು ಕಳುಹಿಸುವ ಫೋಟೋದಲ್ಲೇ ಕುದುರೆ ಸಾಕುತ್ತಾರೆ. ನಾಲ್ಕೂ ಒಂದೇ ಕಂದು ಬಣ್ಣ, ಅವರ ಹೋಟೆಲಿನ ಸಪ್ಲಾಯರುಗಳ ಯೂನಿಫಾರ್ಮಿನ ಹಾಗೆ. ಅವರಿಗೆ ಎರಡರ ಗುರುತು ಮಾತ್ರ ಉಂಟು. ಎಲ್ಲಕ್ಕಿಂತ ದಪ್ಪ ಇರುವುದು ಸುಲ್ತಾನ, ಅವರೇ ಹೆಸರಿಟ್ಟ ಗಂಡು ಕುದುರೆ. ಎಲ್ಲಕ್ಕಿಂತ ಬಡಕಲು ಇರುವುದು ಅಜ್ಜಿ. ಅಜ್ಜಿ ಹಣ್ಣು ಮುದುಕಿಯೇನಲ್ಲ, ಆದರೆ ಸವಾರಿ ಬಿಟ್ಟು ಎರಡು ವರ್ಷವಾಗಿತ್ತು. ಕೆಲಸ ಮಾಡದವಳಿಗೆ ಶೂ ಯಾಕೆ ಎಂದು ಧಣಿಗಳು ಅವಳ ಗೊರಸಿಗೆ ಲಾಳ ಹೊಡೆಸುವುದನ್ನೂ ನಿಲ್ಲಿಸಿದ್ದರು.

"ನಾಲ್ಕರ ಹೊಟ್ಟೆ ತುಂಬುವುದಿಲ್ಲ ಅಂತಾದರೆ ಮೂರು ಮಾಡುವ ಮಾರಾಯ್ರೆ. ಮಳೆ ಹಿಡಿಯುವ ಮೊದಲು ಒಬ್ಬ ವ್ಯಾಪಾರಿ ಬರ್ತಾನೆ. ಮುದುಕಿಯನ್ನು ಕೊಟ್ಟುಬಿಡುವ" ಎಂದರು.

ಬೆಳಿಗ್ಗೆ ನಾನು ಲಾಯದ ಕಟ್ಟೆಯಲ್ಲಿ ಕೂತು ಪೇಪರು ಓದುವಾಗ ಅಜ್ಜಿ ಹಿಂದಿನಿಂದ ನನ್ನ ಹೆಗಲ ಮೇಲೆ ಗಲ್ಲ ಇಟ್ಟು ನಿಲ್ಲುತ್ತಾಳೆ. ನಾನು ಪುಟ ತಿರುವುವವರೆಗೆ ಕಾಯುತ್ತಾಳೆ. ಇಪ್ಪತ್ತು ವರ್ಷದಲ್ಲಿ ಲೈಬ್ರರಿಗೆ ಅಷ್ಟು ಶಿಸ್ತಿನ ಓದುಗರು ಬಂದದ್ದು ನೆನಪಿಲ್ಲ. ವ್ಯಾಪಾರಿಗೆ ಮಾರಿದ ಮುದಿ ಕುದುರೆಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೆಲವು ವಿಷಯ ಓದದೆಯೂ ತಿಳಿಯುತ್ತದೆ.

"ಅಷ್ಟರೊಳಗೆ ಅವಳು ದಪ್ಪ ಆದರೆ?" ಎಂದೆ.

"ದಪ್ಪ ಆದರೆ ಯಾಕೆ ಕೊಡುವುದು? ದಪ್ಪ ಇರುವುದನ್ನು ಯಾರಾದರೂ ಕೊಡ್ತಾರಾ?"

ಕರಾರು ಅಷ್ಟೇ. ಧಣಿಗಳ ಕಾರು ಹೋದ ಮೇಲೆ ಲಾಯದ ಮೇಸ್ತ್ರಿ ನನ್ನ ಪಕ್ಕ ಬಂದು ನಿಂತ. ವಿಜಯಪುರದ ಕಡೆಯವನು, ನನ್ನಷ್ಟೇ ವಯಸ್ಸು, ಕುದುರೆಗಳನ್ನು ನಿಜವಾಗಿ ಬಲ್ಲವನು ಅವನೊಬ್ಬನೇ. ಗುಡ್ಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಹೇಳಿದ: "ಸರ, ಐದೂ ಅಂಕಣದಾಗ ಹಸರ ಇರೂದು ಬೋರ್ಡ ಒಂದ ನೋಡ್ರಿ."

ಮರುದಿನ ಮೂರನೇ ನಂಬರಿನ ಬೋರ್ಡಿನ ಒಂದು ಮೂಲೆ ಇರಲಿಲ್ಲ.

ಹುರುಳಿ

ನಮ್ಮ ಊರಿನಲ್ಲಿ ಕುದುರೆಯನ್ನು ಹತ್ತಿರದಿಂದ ನೋಡದವರು ಬೇಕಾದಷ್ಟು ಮಂದಿ. ಆದರೆ ಕುದುರೆಗೆ ಹುರುಳಿ ಕೊಡಬೇಕೆಂದು ಗೊತ್ತಿಲ್ಲದವರು ಒಬ್ಬರೂ ಇಲ್ಲ. ಬ್ಯಾಂಕಿನಲ್ಲಿ ಹೇಳಿದರು. ಬಸ್ಸಿನ ಕಂಡಕ್ಟರ್ ಟಿಕೇಟು ಹರಿಯುತ್ತ ಹೇಳಿದ. ಹಲ್ಲಿನ ಡಾಕ್ಟರು ನನ್ನ ಬಾಯಿಯಲ್ಲಿ ಡ್ರಿಲ್ ಇಟ್ಟುಕೊಂಡೇ ಹೇಳಿದರು. ಹುಲ್ಲಿಲ್ಲದೆ ಬರೀ ಹುರುಳಿ ತಿಂದರೆ ಕುದುರೆಗೆ ಹೊಟ್ಟೆನೋವು ಬಂದು ಬಿದ್ದು ಹೊರಳಾಡುತ್ತದೆ ಎಂದು ಅವರಿಗೆ ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಂದು ಬೆಳಿಗ್ಗೆ ಗೇಟಿನ ಹೊರಗೆ ಮರ್ಯಾದಸ್ಥರೊಬ್ಬರು ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಸ್ಟೀಲಿನ ಪಾತ್ರೆ, ಅದಕ್ಕೆ ಮುಚ್ಚಳ.

"ನೀವು ಕುದುರೆಗೆ ಹುರುಳಿ ಬೇಯಿಸ್ತೀರಲ್ವಾ, ಅದರ ನೀರನ್ನು ಎಂತ ಮಾಡ್ತೀರಿ?"

"ನಾವು ಹುರುಳಿ ಬೇಯಿಸುವುದಿಲ್ಲ."

"ಹಾಗಲ್ಲ, ಕುದುರೆ ತಿನ್ನುವುದು ಕಾಳು ಮಾತ್ರ. ನೀರು ಚೆಲ್ಲಿ ಹೋಗ್ತದೆ. ಅದರ ಸಾರು ಭಾರೀ ರುಚಿ. ಕಂಬಳದ ಕೋಣ ಸಾಕುವವರ ಮನೆಯಿಂದ ನಾವು ತರುವುದುಂಟು."

"ಇಲ್ಲಿ ಹುರುಳಿಯೇ ಇಲ್ಲ."

ಅವರು ಪಾತ್ರೆಯ ಮುಚ್ಚಳವನ್ನು ಇನ್ನಷ್ಟು ಒತ್ತಿದರು. ನಾಲ್ಕೂ ಕುದುರೆಗಳನ್ನು, ಕೊನೆಗೆ ನನ್ನನ್ನು, ಕನಿಕರದಿಂದ ನೋಡಿದರು.

"ಮತ್ತೆ ಸುಮ್ಮನೆ ಕುದುರೆ ಸಾಕಿದ್ದು ಯಾಕೆ?"

ಮಣಿಪಾಲದ ಲಾನು

ಬೇಸಿಗೆಯಲ್ಲಿ ಉಡುಪಿಯ ಬಾವಿಗಳೆಲ್ಲ ತಳ ತೋರಿಸುವಾಗಲೂ ಹಸಿರಾಗಿರುವುದು ಮಣಿಪಾಲದ ಅಪಾರ್ಟ್‌ಮೆಂಟುಗಳ ಲಾನು ಮಾತ್ರ. ಜನರು ಸ್ನಾನ ಮಾಡಿದ ನೀರನ್ನು ಶುದ್ಧ ಮಾಡಿ ಹುಲ್ಲಿಗೆ ಬಿಡುತ್ತಾರೆ. ಆ ಹುಲ್ಲಿನ ಮೇಲೆ ನಡೆಯಬಾರದೆಂದು ಬೋರ್ಡೂ ಇರುತ್ತದೆ. ಅಂಥ ಒಂದು ಕಡೆ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಿದೆಯೆಂದು ತಿಳಿದು ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿಗಳನ್ನು ಕಂಡೆ. ನಿವೃತ್ತ ಪ್ರೊಫೆಸರು. ಹುಲ್ಲಿಗೆ ಔಷಧಿ ಹೊಡೆದಿಲ್ಲ ತಾನೇ ಎಂದು ನಾನು ಕೇಳಿದೆ. ಬಾಡಿಗೆಗೆ ಬಂದವರನ್ನು ವಿಚಾರಿಸುವ ಧಾಟಿಯಲ್ಲಿ ಅವರು, "ನಿಮ್ಮದು ಗಲಾಟೆ ಮಾಡುವ ಜಾತಿ ಅಲ್ವಲ್ಲ?" ಎಂದು ಕೇಳಿದರು. ಪರಸ್ಪರ ನಂಬಿಕೆ ಹುಟ್ಟಿತು.

ಅಜ್ಜಿಯನ್ನು ಕರೆದುಕೊಂಡು ಹೋದರೆ ಗೇಟಿನಲ್ಲಿ ವಾಚ್‌ಮನ್ ತಡೆದ. ಅವನ ಮೊಬೈಲಿನಲ್ಲಿ ಬಂದವರನ್ನು ದಾಖಲಿಸುವ ಆ್ಯಪ್ ಉಂಟು. ಅದರಲ್ಲಿ ಮೂರೇ ಆಯ್ಕೆ: ಅತಿಥಿ, ಡೆಲಿವರಿ, ಮನೆಕೆಲಸ.

"ಇದು ಯಾವುದು ಸಾರ್?"

"ನೀವೇ ನೋಡಿ."

ಅವನು ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದ. "ದಿನಾ ಬರ್ತದಾ?"

"ದಿನಾ ಬರುತ್ತಾಳೆ."

"ಹಾಗಾದರೆ ಮನೆಕೆಲಸ" ಎಂದು ಒತ್ತಿದ. ಫೋಟೋ ತೆಗೆದ. ಅಜ್ಜಿಗೆ ಆರು ಅಂಕಿಯ ಪಾಸ್‌ಕೋಡ್ ಬಂತು.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಸಂಘದ ವಾಟ್ಸಾಪಿನಲ್ಲಿ ಚರ್ಚೆ ಶುರುವಾಯಿತಂತೆ. ಕುದುರೆಯನ್ನು ಸಾಕುಪ್ರಾಣಿಯೆಂದು ಪರಿಗಣಿಸಬೇಕೋ, ಯಂತ್ರವೆಂದು ಪರಿಗಣಿಸಬೇಕೋ? ಲದ್ದಿ ಯಾರಿಗೆ ಸೇರತಕ್ಕದ್ದು? ಎರಡನೇ ಮಹಡಿಯವರು ತಮ್ಮ ಕುಂಡಗಳಿಗೆ ಬೇಕೆಂದರು. ತಮ್ಮ ಬಾಲ್ಕನಿಯ ನೇರ ಕೆಳಗೆ ಬಿದ್ದದ್ದು ತಮಗೇ ಎಂದು ಮೂರನೇ ಮಹಡಿಯವರು ಹಟ ಹಿಡಿದರು. ಕೊನೆಗೆ ತುರ್ತು ಸಭೆ ಸೇರಿ, ನಿರ್ಣಯವನ್ನು ಟೈಪ್ ಮಾಡಿಸಿ ನನ್ನ ಕೈಗೆ ಕೊಟ್ಟರು. ಕುದುರೆ ಹುಲ್ಲು ತಿನ್ನುವುದಕ್ಕೆ ಸಂಘದ ಆಕ್ಷೇಪವಿಲ್ಲ. ಆದರೆ ಕಟ್ಟಡದ ಅಂದ ಕೆಡದಂತೆ, ಲಾನಿನ ಎಲ್ಲ ಭಾಗಗಳಲ್ಲೂ ಒಂದೂವರೆ ಇಂಚು ಬಿಟ್ಟು, ಒಂದೇ ಎತ್ತರಕ್ಕೆ ತಿನ್ನತಕ್ಕದ್ದು.

ನಾನು ವಾದ ಮಾಡಲಿಲ್ಲ. ಪತ್ರವನ್ನು ಸಂಬಂಧಪಟ್ಟವಳ ಮುಂದೆ ಹಿಡಿದೆ. ಅವಳು ಅದನ್ನು ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ತಿಂದಳು.

ಕಾಪುವಿನ ಬಾಯಮ್ಮ

ಕಾಪುವಿನ ಬೀಚಿಗೆ ಹೋಗುವ ದಾರಿಯಲ್ಲಿ ಹಿರಿಯ ಕ್ರಿಶ್ಚಿಯನ್ ಹೆಂಗಸೊಬ್ಬರ ತೆಂಗಿನ ಹಿತ್ತಿಲು ಉಂಟು. ಸುತ್ತಮುತ್ತಲಿನವರು ಬಾಯಮ್ಮ ಎನ್ನುತ್ತಾರೆ. ತೆಂಗಿನ ಬುಡಕ್ಕೆ ನೀರು ಬಿಡುವುದರಿಂದ ಕಟ್ಟೆಯ ಸುತ್ತ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಅವರೇ ಗೇಟಿನಿಂದ ಕರೆದರು.

"ಕಳೆ ತೆಗೆಯಲಿಕ್ಕೆ ಈಗ ಜನ ಸಿಗುವುದಿಲ್ಲ. ನಿಮ್ಮ ಕುದುರೆಯನ್ನು ಕಟ್ಟಿ. ಅದಕ್ಕೂ ಆಯ್ತು, ನನಗೂ ಆಯ್ತು."

ಆದಿತ್ಯವಾರ ಅಜ್ಜಿಯನ್ನೂ ಟೆಂಪೋ ಹತ್ತಿಸಿದೆವು. ಉಳಿದ ಮೂವರು ಬೀಚಿನಲ್ಲಿ ದುಡಿಯುವಾಗ ಇವಳನ್ನು ಹಿತ್ತಿಲಲ್ಲಿ ಉದ್ದ ಹಗ್ಗಕ್ಕೆ ಕಟ್ಟಿದೆ. ಬಾಯಮ್ಮ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕೂತರು. ಸ್ವಲ್ಪ ಹೊತ್ತಿನಲ್ಲೇ ತಕರಾರು ಬಂತು.

"ಇದೆಂತ, ಒಳ್ಳೆಯ ಹುಲ್ಲನ್ನು ಮಾತ್ರ ತಿನ್ನುತ್ತದೆ! ನಾಚಿಕೆಮುಳ್ಳು ಹಾಗೇ ಉಂಟು, ಎಲ್ಲ ಕಡೆ ಹಬ್ಬುವ ಆ ಕಮ್ಯುನಿಸ್ಟ್ ಗಿಡ ಮುಟ್ಟಲೇ ಇಲ್ಲ. ಮುಗಿಸಿದ ಮೇಲೆ ತಿನ್ನುತ್ತದಾ?"

"ಇಲ್ಲ ಬಾಯಮ್ಮ. ಅವಳು ಕಳೆ ತಿನ್ನುವುದಿಲ್ಲ."

"ನಮ್ಮ ಮನೆಯ ಗಂಡಸರ ಹಾಗೆಯೇ" ಎಂದು ಅವರು ಕೊಂಕಣಿಯಲ್ಲಿ ಅಜ್ಜಿಗೆ ಬೈಯಲು ಶುರುಮಾಡಿದರು. ಅಜ್ಜಿ ಕಿವಿ ನೆಟ್ಟಗೆ ಮಾಡಿ ಕೇಳಿಸಿಕೊಳ್ಳುತ್ತ ತಿನ್ನುತ್ತಿದ್ದಳು. ಇಬ್ಬರಿಗೂ ಹೊಂದಿಕೆಯಾಯಿತೆಂದು ನಾನು ಬೀಚಿಗೆ ಹೋದೆ. ಅದು ತಪ್ಪು. ಹಗ್ಗ ಎಷ್ಟು ಉದ್ದವೆಂದು ಅಳೆದಿದ್ದೆ. ಅಜ್ಜಿಯ ಕುತ್ತಿಗೆ ಎಷ್ಟು ಉದ್ದವೆಂದು ಅಳೆದಿರಲಿಲ್ಲ.

ಮಧ್ಯಾಹ್ನ ಬಂದು ನೋಡಿದರೆ ಹಿತ್ತಿಲಿನ ಬಸಳೆ ಚಪ್ಪರದಲ್ಲಿ ಚಪ್ಪರ ಮಾತ್ರ ಇತ್ತು. ಅಂದು ಊಟಕ್ಕೆ ಮುಂಬಯಿಯಿಂದ ಬೀಗರು ಬಂದಿದ್ದರು. ಸಿಗಡಿ ಹಾಕಿ ಬಸಳೆ ಗಸಿ ಮಾಡಬೇಕೆಂದು ಸೊಸೆ ಕತ್ತಿ ಹಿಡಿದು ಹೊರಗೆ ಬಂದವಳು ಹಾಗೇ ನಿಂತಿದ್ದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಬೇಡ, ಅದಕ್ಕೆ ಬೈಯಬೇಡಿ" ಎಂದು ಬಾಯಮ್ಮ ಕೈ ಎತ್ತಿದರು. ಸೊಸೆಗೆ ಕೇಳುವಷ್ಟು ಗಟ್ಟಿಯಾಗಿ ಮುಂದುವರಿಸಿದರು. "ಇವಳು ಮದುವೆಯಾಗಿ ಬಂದು ಹನ್ನೆರಡು ವರ್ಷ ಆಯ್ತು. ಈ ಮನೆಯಲ್ಲಿ ಬಸಳೆಯನ್ನು ಒಂದು ಚೂರೂ ಬಿಡದೆ ತಿಂದದ್ದು ಇದೊಂದೇ."

ಮುಂದಿನ ವಾರದಿಂದ ಆ ಗೇಟಿಗೆ ಬೀಗ. ಹಾಕಿದವಳು ಸೊಸೆ.

ಕಾರ್ಕಳದ ಕರೆ

ಮೇ ತಿಂಗಳು ಅರ್ಧಕ್ಕೆ ಬಂದಿತ್ತು. ಲಾನಿನ ಪಾಸ್‌ಕೋಡ್ ಎಂದೋ ರದ್ದಾಗಿತ್ತು. ಅಜ್ಜಿಯ ಪಕ್ಕೆಲುಬು ದೂರದಿಂದಲೇ ಎಣಿಸಬಹುದಿತ್ತು. ವ್ಯಾಪಾರಿ ತಿಂಗಳ ಕೊನೆಯ ಸೋಮವಾರ ಬರುತ್ತಾನೆಂದು ಧಣಿಗಳು ತಿಳಿಸಿದರು. ಆಗ ಸ್ಟೀಲಿನ ಪಾತ್ರೆಯವರ ಮಾತು ನೆನಪಾಗಿ, ಕಾರ್ಕಳದ ಹತ್ತಿರ ಕಂಬಳದ ಕೋಣ ಸಾಕುವ ಒಂದು ಗುತ್ತಿನ ಮನೆಗೆ, ಅಂದರೆ ಊರಿನ ಹಳೆಯ ದೊಡ್ಡ ಮನೆತನಕ್ಕೆ, ಹೋದೆ. ಕೋಣಗಳಿಗೆ ಬೆಳೆಸುವ ಹಸಿಹುಲ್ಲಿನಲ್ಲಿ ಎರಡು ಕಟ್ಟು ಸಿಕ್ಕೀತೆಂಬ ಆಸೆ.

ಮನೆಯ ಹಿರಿಯರು ಜಗಲಿಯಲ್ಲಿದ್ದರು. ಕೊಟ್ಟಿಗೆಯಲ್ಲಿ ಎರಡು ಕೋಣಗಳು ಫ್ಯಾನಿನ ಕೆಳಗೆ ಎಣ್ಣೆ ತಿಕ್ಕಿಸಿಕೊಂಡು ನಿಂತಿದ್ದವು. ನಾನು ಕುದುರೆ ಎಂದದ್ದೇ ಹಿರಿಯರ ಮುಖ ಸಣ್ಣದಾಯಿತು.

"ಕುದುರೆ ಓಡುವುದು ಹೆದರಿಕೆಗೆ ಮಾರಾಯ್ರೆ. ಕೋಣ ಓಡುವುದು ಮರ್ಯಾದೆಗೆ. ಕೋಣನ ಹುಲ್ಲು ಕುದುರೆಗೆ ಕೊಡಲಿಕ್ಕಿಲ್ಲ."

ಆದರೆ ನನ್ನ ಕಣ್ಣು ಅಂಗಳದ ಆಚೆ ಹೋಗಿತ್ತು. ಅವರ ಸ್ವಂತ ಕರೆ ಅಲ್ಲಿತ್ತು, ಕೋಣಗಳನ್ನು ಓಡಿಸಿ ಪಳಗಿಸುವ ಕೆಸರಿನ ಓಟದ ಗದ್ದೆ. ಕಂಬಳದ ಕಾಲ ಮುಗಿದು ಕೆಸರು ಗಟ್ಟಿಯಾಗಿತ್ತು. ಆರು ತಿಂಗಳು ಪಂಪಿನ ನೀರು ಕುಡಿದ ನೆಲ. ಉದ್ದಕ್ಕೂ ದಪ್ಪ ಹಸಿರು ಹುಲ್ಲು. ಪುಸ್ತಕದ ವಸಂತ ಇಲ್ಲಿ ಬಂದು ಅಡಗಿತ್ತು.

"ಆ ಹುಲ್ಲು?"

"ಅದನ್ನು ಯಾರು ತಿನ್ನುವುದು? ನಮ್ಮವಕ್ಕೆ ಬಗ್ಗಿ ಮೇಯುವ ಅಭ್ಯಾಸ ಇಲ್ಲ. ಬೇಯಿಸಿದ ಹುರುಳಿ ಬಾಯಿಗೇ ಹೋಗಬೇಕು. ಬೇಕಾದರೆ ನಿಮ್ಮವು ಮೇಯಲಿ."

ಮರುದಿನವೇ ನಾಲ್ಕನ್ನೂ ಟೆಂಪೋದಲ್ಲಿ ತಂದಿಳಿಸಿದೆವು. ಸುಲ್ತಾನ ಕರೆಗೆ ಕಾಲಿಡಬೇಕು, ಅಷ್ಟರಲ್ಲಿ ಹಿರಿಯರು ಜಗಲಿಯಿಂದ ಕೂಗಿದರು.

"ಹೋಯ್! ಚಪ್ಪಲಿ!"

ನಾನೂ ಮೇಸ್ತ್ರಿಯೂ ಗಡಬಡಿಸಿ ಚಪ್ಪಲಿ ಕಳಚಿದೆವು. ಕರೆ ದೈವದ ಜಾಗ, ಅಲ್ಲಿ ಬರಿಗಾಲಲ್ಲೇ ಇಳಿಯಬೇಕು. ಅದು ನನಗೂ ಗೊತ್ತಿತ್ತು.

"ನಿಮ್ಮದಲ್ಲ. ಅದರದ್ದು!"

ಅವರ ಬೆರಳು ಸುಲ್ತಾನನ ಕಾಲಿನತ್ತ ಇತ್ತು. ಲಾಳದ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು.

"ಅದು ಲಾಳ. ಮೊಳೆ ಹೊಡೆದು ಕೂರಿಸಿದ್ದು. ಗೊರಸಿನ ಭಾಗವೇ ಅಂತ ಲೆಕ್ಕ" ಎಂದೆ.

"ಕಾಲಿನ ಅಡಿಗೆ ಹಾಕುವುದು, ಸವೆದರೆ ಬದಲಾಯಿಸುವುದು. ಅದಕ್ಕೆ ನಾವು ಚಪ್ಪಲಿ ಅಂತ ಹೇಳ್ತೇವೆ. ನಿಮ್ಮಲ್ಲಿ ಎಂತ ಹೇಳ್ತಾರೆ?"

ಇಪ್ಪತ್ತು ವರ್ಷ ಪುಸ್ತಕಗಳ ನಡುವೆ ಇದ್ದವನು ಬಗ್ಗಿ ಲಾಳವನ್ನೇ ಇನ್ನೊಮ್ಮೆ ನೋಡಿದೆ. ಲಾಳ ಕೀಳಿಸುವಂತೆಯೂ ಇಲ್ಲ. ವಾರಕ್ಕೆ ಮೂರು ಮದುವೆ, ಎಲ್ಲ ಕಾದ ಡಾಂಬರಿನ ಮೇಲೆ. ಹಿರಿಯರು ಇಳಿದು ಬಂದು ಒಂದೊಂದರ ಕಾಲನ್ನೂ ಎತ್ತಿಸಿ ಪರೀಕ್ಷಿಸಿದರು. ಒಂದು, ಎರಡು, ಮೂರು, ಎಲ್ಲ ಫೇಲು. ಕೊನೆಗೆ ಅಜ್ಜಿಯ ಕಾಲು ನೋಡಿದರು. ಬರಿಯ ಗೊರಸು.

"ಇವಳು ಯಾರು?"

"ಕೆಲಸಕ್ಕೆ ಬಾರದವಳು" ಎಂದೆ.

"ಕ್ರಮ ಗೊತ್ತಿರುವವಳು ಇವಳೊಬ್ಬಳೇ" ಎಂದು ಹಿರಿಯರು ಹಗ್ಗ ತಮ್ಮ ಕೈಗೇ ತೆಗೆದುಕೊಂಡು ಅವಳನ್ನು ಕರೆಗೆ ಇಳಿಸಿದರು.

ಉಳಿದ ಮೂವರು ಬೇಲಿಯ ಹೊರಗೆ ನಿಂತು, ಅಜ್ಜಿ ತಿನ್ನುವುದನ್ನು ನೋಡಿ, ಟೆಂಪೋ ಹತ್ತಿ ಒಣಹುಲ್ಲಿಗೆ ವಾಪಸು ಬಂದರು. ಅಜ್ಜಿ ಅಲ್ಲೇ ಉಳಿದಳು. ಮೂರನೇ ದಿನ ನೋಡಲು ಹೋದರೆ ಕೋಣಗಳ ಪಕ್ಕದ ಫ್ಯಾನಿನ ಕೆಳಗೆ ಇದ್ದಳು. ಹಿರಿಯರೇ ಎಣ್ಣೆ ತಿಕ್ಕುತ್ತಿದ್ದರು. ಎದುರಿಗೆ ಬೋಗುಣಿಯಲ್ಲಿ ಹಿಡಿಯಷ್ಟು ಬೇಯಿಸಿದ ಹುರುಳಿ.

"ಕುದುರೆಗೆ ಹುರುಳಿ ಕೊಡಬೇಕು ಮಾರಾಯ್ರೆ. ಪುಸ್ತಕ ಓದಿದವರಿಗೆ ಇಷ್ಟೂ ಗೊತ್ತಿಲ್ವಾ?"

ಸುಲ್ತಾನ ಮತ್ತು ಅಜ್ಜಿ

ಕೊನೆಯ ಸೋಮವಾರದ ಹಿಂದಿನ ದಿನ ಅಜ್ಜಿಯನ್ನು ಲಾಯಕ್ಕೆ ತಂದೆವು. ಎರಡು ವಾರದ ಹಸಿಹುಲ್ಲು, ಎಣ್ಣೆ, ಫ್ಯಾನಿನ ಗಾಳಿ. ಮೈ ಬೆಳಗಿಟ್ಟ ಕಂಚಿನ ಹಾಗೆ ಹೊಳೆಯುತ್ತಿತ್ತು. ಅದೇ ಎರಡು ವಾರದಲ್ಲಿ ಸುಲ್ತಾನ ಆರು ಮದುಮಗಂದಿರನ್ನು ಹೊತ್ತಿದ್ದ, ಅದರಲ್ಲಿ ಇಬ್ಬರು ಭಾರೀ ತೂಕದವರು. ಅವನ ಸೊಂಟದ ಮೂಳೆಗೆ ಬಟ್ಟೆ ನೇತುಹಾಕಬಹುದಿತ್ತು. ಅವನ ಮೇವಿನ ಬಗ್ಗೆ ನನಗೆ ಚಿಂತೆಯಿತ್ತು, ಆದರೆ ಅವನನ್ನು ಮಾರುವ ಮಾತು ಯಾರೂ ಆಡಿರಲಿಲ್ಲ.

ಅಜ್ಜಿ ದಪ್ಪಗಾದಳೆಂದು ನಾನು ಧಣಿಗಳಿಗೆ ಎರಡು ಸಲ ಫೋಟೋ ಕಳುಹಿಸಿದ್ದೆ. ಎರಡಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಬಂದಿತ್ತು. ಒಮ್ಮೆ 'ಸುಲ್ತಾನ ಸೂಪರ್' ಎಂದೂ ಬಂದಿತ್ತು. ಅದನ್ನು ಅವರ ಸಂತೋಷವೆಂದು ತಿಳಿದು ಸುಮ್ಮನಿದ್ದೆ.

ಸೋಮವಾರ ಧಣಿಗಳು ವ್ಯಾಪಾರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದರು. ಘಟ್ಟದ ಮೇಲಿನವನು, ಕಡಿಮೆ ಮಾತಿನ ಮನುಷ್ಯ, ಬಾಯಲ್ಲಿ ಎಲೆಯಡಿಕೆ. ನಾಲ್ಕೂ ಕುದುರೆಗಳು ಸಾಲಾಗಿ ನಿಂತಿದ್ದವು. ನಾನು ಅಜ್ಜಿಯ ಪರವಾಗಿ ಎರಡು ಮಾತು ತಯಾರು ಮಾಡಿಕೊಂಡಿದ್ದೆ. ಆದರೆ ಧಣಿಗಳು ಬಾಗಿಲಿನಲ್ಲೇ ನಿಂತು ಬೆರಳು ತೋರಿಸಿದರು.

"ಅದೇ, ಆ ತುದಿಯಲ್ಲಿ ಮೂಳೆ ಕಾಣ್ತದಲ್ಲ, ಆ ಮುದುಕಿ. ವಯಸ್ಸಾಯ್ತು. ಕೆಲಸಕ್ಕಿಲ್ಲ. ಕರೆದುಕೊಂಡು ಹೋಗಿ."

ಬೆರಳು ಸುಲ್ತಾನನ ಮೇಲಿತ್ತು.

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಮಾಡಿನ ಹಂಚು ನೋಡಿದೆ.

ವ್ಯಾಪಾರಿ ಸುಲ್ತಾನನನ್ನು ಮುಟ್ಟಲಿಲ್ಲ. ನೇರ ಅಜ್ಜಿಯ ಮುಂದೆ ನಿಂತ.

"ಇದನ್ನ ಕೊಡ್ತೀರೇನು?"

ಧಣಿಗಳು ಎದೆ ಉಬ್ಬಿಸಿದರು. "ಅದಾ? ಅದು ನನ್ನ ಸುಲ್ತಾನ. ನೀವು ಎಷ್ಟು ಕೊಟ್ಟರೂ ಇಲ್ಲ. ನಾನಿರುವವರೆಗೆ ಅದು ಈ ಲಾಯ ಬಿಟ್ಟು ಹೋಗುವುದಿಲ್ಲ. ಬೇಕಾದರೆ ಇವರೆಲ್ಲರ ಎದುರು ಆಣೆ ಹಾಕಿ ಹೇಳ್ತೇನೆ." ದೂರದಲ್ಲಿ ಕಾಣುವ ದೇವಸ್ಥಾನದ ದಿಕ್ಕಿಗೆ ಕೈಮುಗಿದು, ಆಣೆಯನ್ನು ಹಾಕಿಯೇ ಬಿಟ್ಟರು. ಮೇಸ್ತ್ರಿಯೂ ಭಕ್ತಿಯಿಂದ ಕೈಮುಗಿದ. ನಾನೂ ಮುಗಿದೆ.

ವ್ಯಾಪಾರಿ ನಿಧಾನವಾಗಿ ಬಗ್ಗಿ ಅಜ್ಜಿಯ ಹೊಟ್ಟೆಯ ಕೆಳಗೆ ನೋಡಿದ. ಎದ್ದ. ಸಾಲಿನ ತುದಿಗೆ ಹೋಗಿ ಸುಲ್ತಾನನ ಹೊಟ್ಟೆಯ ಕೆಳಗೆ ನೋಡಿದ. ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡು ಬಂದ.

"ಸಾಹುಕಾರ್ರೇ, ನಿಮ್ಮ ಸುಲ್ತಾನ ಹೆಣ್ಣು. ನಿಮ್ಮ ಮುದುಕಿ ಗಂಡು."

ಧಣಿಗಳು ಅಜ್ಜಿಯನ್ನು ನೋಡಿದರು, ಸುಲ್ತಾನನನ್ನು ನೋಡಿದರು, ಆಣೆ ಹಾಕಿದ ದಿಕ್ಕನ್ನು ನೋಡಿದರು. ಇವರು ಗಲ್ಫಿನಲ್ಲಿ ಹೋಟೆಲನ್ನು ಹೇಗೆ ಗೆಲ್ಲಿಸಿದರೆಂದು ನನಗೆ ಅರ್ಥವಾದದ್ದು ಆಗಲೇ. ವ್ಯಾಪಾರಿಯ ಬೆನ್ನು ತಟ್ಟಿ ನಕ್ಕರು.

"ಭೇಷ್! ನಿಮಗೆ ಕುದುರೆಯ ವಿಷಯ ಗೊತ್ತುಂಟಾ ಅಂತ ಪರೀಕ್ಷೆ ಮಾಡಿದ್ದು ಮಾರಾಯ್ರೆ. ಪಾಸ್! ಇಲ್ಲಿ ಯಾವುದೂ ಕೊಡಲಿಕ್ಕಿಲ್ಲ. ಬನ್ನಿ, ಊಟ ಮಾಡುವ."

ಕಾರು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಇನ್ನು ಫೋಟೋ ಕಳುಹಿಸುವಾಗ ಸ್ವಲ್ಪ ಕೆಳಗಿನಿಂದ ತೆಗೆಯಿರಿ."